ಮುಖವಾಡ ಸಡಿಲವಾದರೆ ಗುರಿಯೂ ತಪ್ಪುತ್ತದೆ

ಕೇಳುಗರಿಗೆ ನಮಸ್ಕಾರ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕೊಡುವ ರೇಡಿಯೇಷನ್, ಅಂದರೆ ಊರಲ್ಲಿ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆಗೆ ಈಗ ದೂರದ ಊರಿಗೆ ಹೋಗಬೇಕಾಗಿಲ್ಲ. ಮಂಗಳೂರು, ಮಣಿಪಾಲಗಳಲ್ಲೇ ಈ ಕಿರಣ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರಗಳಿವೆ. ಆದರೆ ಎಂಥ ಯಂತ್ರವಿದ್ದರೂ ಏಳು ವಾರ ರೋಗಿಯ ಮೈ ಕುಗ್ಗದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.

ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಹುಳುಕು ಹಲ್ಲು ಕೀಳುವುದಿದ್ದರೆ ಈಗಲೇ ಕಿತ್ತು, ಗಾಯ ಮಾಯಲು ಸುಮಾರು ಎರಡು ವಾರ ಬಿಡುತ್ತಾರೆ. ರೇಡಿಯೇಷನ್ ಬಿದ್ದ ದವಡೆಗೆ ರಕ್ತ ಸಂಚಾರ ಕಡಿಮೆ. ವರ್ಷಗಳ ಮೇಲೆ ಹಲ್ಲು ಕಿತ್ತರೂ ಮೂಳೆ ಕೊಳೆಯಬಹುದು.

ನಂತರ ತಲೆ ಅಲುಗದಂತೆ ಹಿಡಿಯುವ ಮುಖವಾಡ. ಥರ್ಮೋಪ್ಲಾಸ್ಟಿಕ್, ಅಂದರೆ ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಲ್ಲಿ ಮೆತ್ತಗಾಗಿಸಿ, ನೀರು ಒರೆಸಿ, ಮುಖ ಮತ್ತು ಭುಜದ ಮೇಲೆ ಎಳೆದು ಕೂರಿಸುತ್ತಾರೆ. ತುಂಬ ರಂಧ್ರಗಳಿರುವುದರಿಂದ ಉಸಿರು ಕಟ್ಟುವುದಿಲ್ಲ. ಅದನ್ನು ಹಾಕಿಯೇ ಸಿ.ಟಿ. ಸ್ಕ್ಯಾನ್ ತೆಗೆದು, ಗಡ್ಡೆ ಎಲ್ಲಿ, ಬೆನ್ನುಹುರಿ ಎಲ್ಲಿ, ಜೊಲ್ಲುಗ್ರಂಥಿ ಎಲ್ಲಿ ಎಂದು ವೈದ್ಯರು ಒಂದೊಂದು ಚಿತ್ರದ ಮೇಲೂ ಗೆರೆ ಎಳೆಯುತ್ತಾರೆ. ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆಯ 35 ದಿನಗಳಲ್ಲಿ 70 ಗ್ರೇ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ) ತಲುಪಬೇಕು. ಬೆನ್ನುಹುರಿಗೆ 45ರ ಆಸುಪಾಸು ದಾಟಬಾರದು. ಯೋಜನೆಯಲ್ಲಿ ಗುರಿಯ ಸುತ್ತ ಬಿಡುವ ಅಂಚು ಬರೀ 3ರಿಂದ 5 ಮಿಲಿಮೀಟರ್. ಈ ಲೆಕ್ಕಕ್ಕೆ, ಯಂತ್ರದ ಮೇಲಿನ ಪರೀಕ್ಷೆಗೆ ಕೆಲವು ದಿನ ಹಿಡಿಯುತ್ತದೆ. ಆಸ್ಪತ್ರೆಯವರು ಸತಾಯಿಸುತ್ತಿದ್ದಾರೆಂದು ದಯವಿಟ್ಟು ತಿಳಿಯಬೇಡಿ.

ಚಿಕಿತ್ಸೆಯ ದಿನ ಮುಖವಾಡ ಬಿಗಿದು, ಯಂತ್ರದಲ್ಲೇ ಒಂದು ಸ್ಕ್ಯಾನ್ ತೆಗೆದು, ಮಂಚವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತಾರೆ. ಕಿರಣ ಬೀಳುವುದು ಕೆಲವೇ ನಿಮಿಷ. ನೋವಿಲ್ಲ, ಶಾಕ್ ಇಲ್ಲ. ಕೋಣೆಯಲ್ಲಿ ಒಬ್ಬರೇ ಇದ್ದರೂ ಹೊರಗಿನವರು ಕ್ಯಾಮರಾದಲ್ಲಿ ನೋಡುತ್ತಿರುತ್ತಾರೆ. ಕೈ ಎತ್ತಿದರೆ ಸಾಕು, ನಿಲ್ಲಿಸುತ್ತಾರೆ.

ಕೆಡುವುದು ಎರಡನೇ, ಮೂರನೇ ವಾರದಲ್ಲಿ. ಬಾಯಿ ಹುಣ್ಣಾಗಿ ಊಟ ಸೇರುವುದಿಲ್ಲ. ಕೆನ್ನೆ ಬತ್ತಿ ಮುಖವಾಡದೊಳಗೆ ತಲೆ ಆಡುತ್ತದೆ, ಗ್ರಂಥಿಗಳು ಒಳಕ್ಕೆ ಸರಿಯುತ್ತವೆ, ಹಳೆಯ ಲೆಕ್ಕ ಹೊಂದುವುದಿಲ್ಲ. ಆಗ ಹೊಸ ಮುಖವಾಡ, ಹೊಸ ಸಿ.ಟಿ., ಹೊಸ ಯೋಜನೆ. ಇದನ್ನು ತಡೆಯಲು ಬರೀ ಗಂಜಿ ತಿಳಿ ಸಾಲದು. ತೆಳು ರಾಗಿ ಮಣ್ಣಿ, ಹಾಲು, ಮೊಟ್ಟೆ, ಖಾರವಿಲ್ಲದೆ ಬೇಯಿಸಿ ಮುಳ್ಳು ಬಿಡಿಸಿದ ಮೀನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡ ಹಾಕಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿ ಉಗುಳಲಿ. ವಾರಕ್ಕೊಮ್ಮೆ ತೂಕ ನೋಡಿ. ನುಂಗಲಾಗದಿದ್ದರೆ ಮೂಗಿನ ಮೂಲಕ ಊಟ ಕೊಡುವ ನಳಿಕೆಗೆ ಹೆದರಬೇಡಿ. ಅದು ತಾತ್ಕಾಲಿಕ.

ಇನ್ನು ರಜೆ. ಚಿಕಿತ್ಸೆ ವಾರಕ್ಕೆ ಐದು ದಿನ. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಒಟ್ಟು ಅವಧಿ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ದಾಟಿ ಬರಬೇಕಾದವರು ಆಸ್ಪತ್ರೆಯ ಹತ್ತಿರವೇ ಉಳಿಯುವುದು ಕ್ಷೇಮ. ಯಂತ್ರ ಕೆಟ್ಟೋ, ಜ್ವರ ಬಂದೋ ಒಂದು ದಿನ ತಪ್ಪಿದರೆ ಸುಮ್ಮನಿರದೆ ಕೇಳಿ: ಶನಿವಾರ ಕೊಡುತ್ತೀರಾ? ಇಲ್ಲವೇ ಒಂದೇ ದಿನ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡಬಹುದೇ? ಹಾಗೆ ಸರಿದೂಗಿಸುವ ಕ್ರಮ ಇದೆ, ಕೇಳುವುದು ನಿಮ್ಮ ಹಕ್ಕು.