ರಾಮರಾಯನ ಆಶ್ರಯದಲ್ಲಿ ಗೋಲ್ಕೊಂಡದ ರಾಜಕುಮಾರ

ಕೇಳುಗರೇ, ನಮಸ್ಕಾರ.

1565ರ ರಕ್ಕಸತಂಗಡಿ ಯುದ್ಧದ ಕಥೆ ನಮಗೆಲ್ಲ ಗೊತ್ತು. ಅಳಿಯ ರಾಮರಾಯನ ಎದುರು ನಿಂತ ಸುಲ್ತಾನರ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವರಲ್ಲಿ ಒಬ್ಬ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ. ಪಟ್ಟಕ್ಕೆ ಬರುವ ಮೊದಲು ಅವನು ಏಳು ವರ್ಷ ಅದೇ ರಾಮರಾಯನ ಅನ್ನ ಉಂಡಿದ್ದ. ಇವತ್ತು ಆ ಏಳು ವರ್ಷಗಳ ಮಾತು.

1543ರಲ್ಲಿ ಗೋಲ್ಕೊಂಡದ ಮುದಿ ಸುಲ್ತಾನ ಕುಲಿ ಕುತುಬ್ ಷಾನ ಕೊಲೆಯಾಯಿತು. ಕೊಲ್ಲಿಸಿದವನು ಹೆತ್ತ ಮಗ ಜಮ್ಷೀದ್. ಪಟ್ಟಕ್ಕೆ ಬರಬೇಕಿದ್ದ ಅಣ್ಣನ ಕಣ್ಣನ್ನೂ ಅವನು ಕೀಳಿಸಿದ. ಮುಂದಿನ ಸರದಿ ಯಾರದೆಂದು ತಮ್ಮ ಇಬ್ರಾಹಿಂಗೆ ಯಾರೂ ಹೇಳಬೇಕಿರಲಿಲ್ಲ. ದೇವರಕೊಂಡದಿಂದ ಬೀದರಿಗೆ ಓಡಿದ. ಅಲ್ಲೂ ನೆಲೆ ನಿಲ್ಲದೆ ವಿಜಯನಗರಕ್ಕೆ ಬಂದ.

ಆಗ ಸಿಂಹಾಸನದ ಮೇಲೆ ಸದಾಶಿವರಾಯ ಕೂತಿದ್ದರೂ ಆಡಳಿತವೆಲ್ಲ ರಾಮರಾಯನ ಕೈಯಲ್ಲಿತ್ತು. ರಾಮರಾಯ ಚಿಕ್ಕ ವಯಸ್ಸಿನಲ್ಲಿ ಕುಲಿ ಕುತುಬ್ ಷಾನ ಬಳಿಯೇ ಚಾಕರಿ ಮಾಡಿದ್ದನೆಂದು ಫಾರಸಿಯಲ್ಲಿ ಬರೆದಿಟ್ಟಿದ್ದಾರೆ. ಈಗ ಹಳೆಯ ಒಡೆಯನ ಮಗ ಬಾಗಿಲಿಗೆ ಬಂದಿದ್ದಾನೆ. ಅವನಿಗೆ ಜಹಗೀರು ಕೊಟ್ಟು ಉಳಿಸಿಕೊಂಡ. ಅದರಲ್ಲಿ ಕರುಣೆಯೂ ಇತ್ತು, ಲೆಕ್ಕಾಚಾರವೂ ಇತ್ತು. ಪಕ್ಕದ ರಾಜ್ಯದ ವಾರಸುದಾರ ಕೈಯಲ್ಲಿದ್ದರೆ ನಾಳೆ ಉಪಯೋಗಕ್ಕೆ ಬರುತ್ತಾನೆ, ಅಲ್ವಾ?

ಆದರೆ ಆಶ್ರಿತನಿಗೆ ಕೊಡುವ ಭೂಮಿ ಆಕಾಶದಿಂದ ಬೀಳುವುದಿಲ್ಲ. ಇಬ್ರಾಹಿಂಗೆ ಸಿಕ್ಕ ಜಹಗೀರು ಅಂಬರ್ ಖಾನ್ ಎಂಬ ಹಬಶಿ, ಅಂದರೆ ಆಫ್ರಿಕಾ ಮೂಲದ ಸರದಾರನದಾಗಿತ್ತು. ಒಂದು ದಿನ ಇಬ್ರಾಹಿಂ ಕುದುರೆ ಏರಿ ಆಸ್ಥಾನಕ್ಕೆ ಹೊರಟಿದ್ದಾಗ ಅಂಬರ್ ಖಾನ್ ಬೀದಿಯಲ್ಲೇ ಅಡ್ಡಗಟ್ಟಿದ. ಜಹಗೀರು ಕೊಡುವುದು, ಕಿತ್ತುಕೊಳ್ಳುವುದು ರಾಜರಿಗೆ ಬಿಟ್ಟದ್ದು ಎಂದು ಇಬ್ರಾಹಿಂ ಸಮಾಧಾನ ಹೇಳಿದ. ಅಂಬರ್ ಖಾನ್ ಅವನನ್ನು ಹೇಡಿ ಎಂದು ಜರಿದ. ಇಬ್ರಾಹಿಂ ಕುದುರೆಯಿಂದ ಇಳಿದು ಕತ್ತಿ ಹಿರಿದ. ಸಿಟ್ಟಿನಿಂದ ನುಗ್ಗಿದ ಅಂಬರ್ ಖಾನ್ ಅಲ್ಲೇ ಸತ್ತುಬಿದ್ದ. ಸೇಡಿಗೆ ಬಂದ ಅವನ ತಮ್ಮನದೂ ಅದೇ ಗತಿಯಾಯಿತೆಂದು ಚರಿತ್ರೆಕಾರ ಫಿರಿಶ್ತಾ ಹೇಳುತ್ತಾನೆ. ಪರಊರಿನಲ್ಲಿ ಯಾರದೋ ಪಾಲಿನ ಅನ್ನ ಉಣ್ಣುವವನ ಬದುಕು ಎಷ್ಟು ಬಿಗಿಯಾಗಿತ್ತು ಅನ್ನುವುದು ನನಗೆ ಈ ಜಗಳದಲ್ಲಿ ಕಾಣುತ್ತದೆ.

1550ರಲ್ಲಿ ಜಮ್ಷೀದ್ ತೀರಿಕೊಂಡ. ಪಟ್ಟಕ್ಕೆ ಕೂರಿಸಿದ್ದು ಅವನ ಎಳೆಯ ಮಗನನ್ನು. ಗೋಲ್ಕೊಂಡ ಕೋಟೆಯ ನಾಯಕವಾಡಿಗಳು, ಅಂದರೆ ಕೋಟೆ ಕಾಯುವ ತೆಲುಗು ಪಡೆಯವರು, ಇಬ್ರಾಹಿಂ ಪರ ನಿಂತರು. ಅವನು ಮರಳಿ ಹೋಗಿ ಸುಲ್ತಾನನಾದ.

ಹಾಗಾದರೆ 1565ರಲ್ಲಿ ಯಾಕೆ ಎದುರು ನಿಂತ? ಉಂಡ ಮನೆಗೆ ಎರಡು ಬಗೆದ ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಅಷ್ಟರಲ್ಲಿ ರಾಮರಾಯ ಪಾನಗಲ್, ಘನಪುರದ ಕೋಟೆಗಳನ್ನು ಅವನಿಂದ ಕಸಿದುಕೊಂಡಿದ್ದ. ಇಬ್ರಾಹಿಂ ಜೊತೆ ಕೆಡಿಸಿಕೊಂಡು ಓಡಿಬಂದ ಸರದಾರ ಜಗದೇವರಾಯನಿಗೂ ಜಾಗ ಕೊಟ್ಟಿದ್ದ. ನೆರೆಯವರ ಮನೆಜಗಳದಲ್ಲಿ ಸೋತವರನ್ನು ಸಾಕುವ ರಾಮರಾಯನ ಪದ್ಧತಿ ಎಷ್ಟು ಅಪಾಯಕಾರಿ ಎಂದು ಇಬ್ರಾಹಿಂಗಿಂತ ಜಾಸ್ತಿ ಬಲ್ಲವರು ಯಾರಿದ್ದರು?

ಯುದ್ಧದಲ್ಲಿ ಅವನದು ಎಡಪಕ್ಕ. ರಾಮರಾಯನ ತಲೆ ಉರುಳಿತು. ಆಮೇಲೆ ಕೊಳ್ಳೆಹೋದದ್ದು ಇಬ್ರಾಹಿಂ ಏಳು ವರ್ಷ ಓಡಾಡಿದ ಊರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಬ್ರಾಹಿಂ ತೀರಿಕೊಂಡದ್ದು 1580ರಲ್ಲಿ. ಅವನು ತೆಲುಗು ಕವಿಗಳನ್ನು ಪ್ರೀತಿಯಿಂದ ಸಾಕಿದ. ಅದ್ದಂಕಿ ಗಂಗಾಧರ ಕವಿ ತನ್ನ ಕಾವ್ಯವನ್ನು ಅವನಿಗೇ ಅರ್ಪಿಸಿದ. ಕವಿಗಳ ಬಾಯಲ್ಲಿ ಅವನು ಮಲ್ಕಿಭರಾಮ. ಆ ರುಚಿ ಹತ್ತಿದ್ದು ರಾಮರಾಯನ ಆಸ್ಥಾನದಲ್ಲೇ ಎಂದು ನಾನು ನಂಬಿದ್ದೇನೆ. ನಮಸ್ಕಾರ.