ಪಿಯುಸಿ ಮುಗಿಯಿತು, ಡಿಗ್ರಿ ಶುರುವಾಗುವ ಮೊದಲು ಏನೇನು ಮಾಡಿಕೊಳ್ಳಬೇಕು?

[ದೃಶ್ಯ: ಕಾರವಾರ ಬಸ್ ಸ್ಟ್ಯಾಂಡ್, ಬೆಳಗಿನ ಹೊತ್ತು. ಬ್ಯಾಗ್ ಹಾಕಿಕೊಂಡ ಹುಡುಗ ಹುಡುಗಿಯರು.]

ನಮಸ್ಕಾರ. ಪಿಯುಸಿ ರಿಸಲ್ಟ್ ಬಂದಾಯ್ತು. ಮನೆಯಲ್ಲಿ ಈಗ ಒಂದೇ ಮಾತು: ಯಾವ ಕಾಲೇಜು, ಯಾವ ಕೋರ್ಸು? ಅದರ ಬಗ್ಗೆ ಬೇಕಾದಷ್ಟು ವಿಡಿಯೋಗಳಿವೆ. ಸೀಟು ಸಿಕ್ಕಮೇಲಿನ ಮೊದಲ ಆರು ತಿಂಗಳ ಬಗ್ಗೆ ಇವತ್ತು ಮಾತಾಡೋಣ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಮತ್ತು ಘಟ್ಟದ ಮೇಲಿನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳುತ್ತೇನೆ.

ಪಿಯುಸಿವರೆಗೆ ನಿಮಗೆ ನೆನಪಿಸುವವರು ಇದ್ದರು. ಎರಡು ದಿನ ಹೋಗದಿದ್ದರೆ ಲೆಕ್ಚರರ್ ಮನೆಗೆ ಫೋನ್ ಮಾಡುತ್ತಿದ್ದರು. ನೋಟ್ಸ್ ಬರೆಸುತ್ತಿದ್ದರು. ಬೆಳಿಗ್ಗೆ ಆಯಿ ಎಬ್ಬಿಸುತ್ತಿದ್ದಳು. ಡಿಗ್ರಿಯಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸುತ್ತಾರೆ, ಅಷ್ಟೇ. ನೋಡಿದೆಯಾ ಅಂತ ಯಾರೂ ಕೇಳುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎಡವುವವರಲ್ಲಿ ಜಾಣರೇ ಜಾಸ್ತಿ. ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಾ ಕೂತಿರುತ್ತಾರೆ.

[ಪರದೆ ಮೇಲೆ: ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ?]

ಇದು ಮೊದಲು ಗೊತ್ತಿರಬೇಕು. ಕಾರವಾರ, ಕುಮಟಾ, ಶಿರಸಿಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಒಂದೊಂದಕ್ಕೂ ನಿಯಮ ಬೇರೆ. ಪಕ್ಕದ ಮನೆಯ ಅಣ್ಣ ಎಂಜಿನಿಯರಿಂಗ್‌ನಲ್ಲಿ ಹೀಗಿತ್ತು ಅಂದದ್ದು ನಿಮ್ಮ ಬಿಎಸ್ಸಿಗೆ ಹೊಂದುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಸಿಲಬಸ್ ಈಗಲೇ ಇಳಿಸಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ.

ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಅಂದರೆ ಆರು ಸೆಮಿಸ್ಟರ್. ವರ್ಷವಿಡೀ ಓದಿ ಮಾರ್ಚಿನಲ್ಲಿ ಪರೀಕ್ಷೆ ಬರೆದು ಅಭ್ಯಾಸವಾದವರಿಗೆ ಇಲ್ಲಿ ಗೊಂದಲ ಆಗುತ್ತದೆ. ಕ್ಲಾಸು ಶುರುವಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ಪರೀಕ್ಷೆ ಬಂದೇ ಬಿಡುತ್ತದೆ. ನಡುವೆ ಇಂಟರ್ನಲ್ ಬೇರೆ, ಅಂದರೆ ಕಾಲೇಜಿನಲ್ಲೇ ಅಂಕ ಕೊಡುವ ಟೆಸ್ಟು, ಅಸೈನ್‌ಮೆಂಟು. ವಿಟಿಯುನಲ್ಲಂತೂ 50 ಅಂಕ ಇಂಟರ್ನಲ್‌ಗೆ, 50 ಫೈನಲ್ ಪರೀಕ್ಷೆಗೆ. ಇಂಟರ್ನಲ್‌ನಲ್ಲಿ 20 ಬರದಿದ್ದರೆ ಆ ವಿಷಯದ ಫೈನಲ್‌ಗೆ ಕೂರಿಸುವುದಿಲ್ಲ. ಕೊನೆಗೆ ಓದಿದರಾಯ್ತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

[ದೃಶ್ಯ: ದೇವಿಮನೆ ಘಟ್ಟ, ಜೋರು ಮಳೆ, ನಿಧಾನ ಹತ್ತುವ ಬಸ್.]

ಈಗ ಅಟೆಂಡೆನ್ಸ್. ನಮ್ಮ ಜಿಲ್ಲೆಯವರಿಗೆ ಇದು ಬಹಳ ಮುಖ್ಯ, ಸ್ವಲ್ಪ ನಿಧಾನ ಕೇಳಿ.

ಸಾಮಾನ್ಯ ಡಿಗ್ರಿಗೆ 75 ಪರ್ಸೆಂಟ್ ಹಾಜರಿ ಬೇಕು. ವಿಟಿಯುನಲ್ಲಿ 85. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ಕ್ಲಾಸು, 15 ವಾರ ಅಂತಿಟ್ಟುಕೊಳ್ಳಿ. ಒಟ್ಟು 60 ಕ್ಲಾಸು. 75 ಪರ್ಸೆಂಟ್ ಅಂದರೆ 45. ಹದಿನೈದು ಕ್ಲಾಸು ತಪ್ಪಿಸಬಹುದು ಅಂತ ಖುಷಿ ಆಗುತ್ತದೆ, ಅಲ್ವಾ? ಆದರೆ ಕ್ಯಾಲೆಂಡರ್ ನೋಡಿ. ಹೊಸ ವರ್ಷದ ತರಗತಿ ಶುರುವಾಗುವುದೇ ಮಳೆಗಾಲದಲ್ಲಿ. ಘಟ್ಟದಲ್ಲಿ ಗುಡ್ಡ ಜರಿದರೆ ಶಿರಸಿ–ಕುಮಟಾ ಬಸ್ ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಎಷ್ಟು ಜೀವ ಹೋಯಿತು, ಹೆದ್ದಾರಿ ಎಷ್ಟು ದಿನ ಬಂದ್ ಆಯಿತು ಅನ್ನುವುದನ್ನು ನಾವ್ಯಾರೂ ಮರೆತಿಲ್ಲ. ಅಂಥ ದಿನ ಕಾಲೇಜಿಗೆ ಹೊರಡಲೇಬಾರದು, ಜೀವಕ್ಕಿಂತ ಹಾಜರಿ ದೊಡ್ಡದಲ್ಲ. ಮಳೆಯ ಹಿಂದೆಯೇ ಚೌತಿ ಬರುತ್ತದೆ. ಕಾಲೇಜಿಗೆ ಒಂದು ದಿನ ರಜೆ, ನಮ್ಮ ಮನೆಗಳಲ್ಲಿ ಗಣಪತಿ ಇರುವುದು ಅದಕ್ಕಿಂತ ಜಾಸ್ತಿ ದಿನ. ಜ್ವರ ಬಂದರೆ ಮತ್ತೆ ನಾಲ್ಕು ದಿನ.

ಹದಿನೈದು ಕ್ಲಾಸು ಇದಕ್ಕೇ ಹೋಗುತ್ತದೆ. ಹಾಗಾಗಿ ಬಿಸಿಲಿದ್ದ ದಿನ ಸುಮ್ನೆ ಕ್ಲಾಸು ಬಿಟ್ಟು ಬೀಚಿಗೆ ಹೋಗಬೇಡಿ. ಆ ರಜೆಗಳನ್ನು ಮಳೆಗೆ ಅಂತ ಇಟ್ಟುಕೊಳ್ಳಿ. ಇನ್ನೊಂದು ಮಾತು. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟಾಗ ಆದೇಶವನ್ನು ಪೂರ್ತಿ ಓದಿ. ಎಷ್ಟೋ ಸಲ ಅದು ಶಾಲೆ ಮತ್ತು ಪಿಯು ಕಾಲೇಜಿಗೆ ಮಾತ್ರ ಇರುತ್ತದೆ. ನೀವೀಗ ಪಿಯು ಅಲ್ಲ.

[ಪರದೆ ಮೇಲೆ: ಹೆಸರು ಎಲ್ಲ ಕಡೆ ಒಂದೇ ಇದೆಯಾ?]

ಕಾಗದಪತ್ರದ ವಿಷಯ. ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ನಮ್ಮ ಕಡೆ ಇದು ಮನೆಮನೆಯ ಕಥೆ. ಊರಿನಲ್ಲಿ ಯಾರಿಗೂ ಇದು ತೊಡಕಲ್ಲ, ಕಂಪ್ಯೂಟರಿಗೆ ಮಾತ್ರ ನೀವು ಇಬ್ಬರು ಬೇರೆ ಬೇರೆ ಜನ. ಸ್ಕಾಲರ್‌ಶಿಪ್ ಅಲ್ಲೇ ನಿಲ್ಲುತ್ತದೆ. ತಿದ್ದಿಸಲು ಸಮಯ ಬೇಕು, ಈ ರಜೆಯಲ್ಲೇ ಮಾಡಿಸಿ.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗೆ ಎಸ್ಎಸ್‌ಪಿ ಪೋರ್ಟಲ್ ಇದೆ. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು, ಆ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಬ್ಯಾಂಕಿಗೆ ಹೋಗಿ "ನನ್ನ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಅಂತಲೇ ಕೇಳಿ. ಸರ್ಕಾರದ ದುಡ್ಡು ನಿಮ್ಮ ಯಾವ ಖಾತೆಗೆ ಬರಬೇಕು ಅಂತ ಆಧಾರ್ ಜೊತೆ ಗುರುತು ಮಾಡಿಡುವುದೇ ಈ ಮ್ಯಾಪಿಂಗ್. ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ ಅಂದರೆ ಮ್ಯಾಪಿಂಗ್ ಆಗಿದೆ ಅಂತಲ್ಲ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆ ಸಹಾಯ ಮಾಡುತ್ತದೆ.

ಬಿಎ, ಬಿಎಸ್ಸಿ, ಬಿಕಾಂನಂಥ ಡಿಗ್ರಿಯ ಅಡ್ಮಿಷನ್, ಪರೀಕ್ಷೆ ಅರ್ಜಿ, ರಿಸಲ್ಟ್ ಎಲ್ಲ ಯುಯುಸಿಎಂಎಸ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ. ಅರ್ಜಿ ಸೈಬರ್‌ನಲ್ಲಿ ಹಾಕಿಸಿದರೂ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಹಾಕಿದರೆ ಮೂರು ವರ್ಷ ಒಟಿಪಿಗಾಗಿ ಅವರ ಬಾಗಿಲಲ್ಲಿ ನಿಲ್ಲಬೇಕು. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡಿ.

[ದೃಶ್ಯ: ಕಾಲೇಜು ಲೈಬ್ರರಿ.]

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು, ಇದನ್ನು ಮನಸ್ಸಿನಿಂದ ಹೇಳುತ್ತೇನೆ. ಮೊದಲ ವಾರಗಳಲ್ಲಿ ಇಂಗ್ಲಿಷ್ ಪಾಠ ತಲೆಗೆ ಹತ್ತದಿದ್ದರೆ ನಿಮಗೆ ಬುದ್ಧಿ ಕಮ್ಮಿ ಅಂತ ಅಲ್ಲ. ನಾಳಿನ ಪಾಠವನ್ನು ಇವತ್ತು ರಾತ್ರಿ ಒಮ್ಮೆ ಓದಿಕೊಂಡು ಹೋಗಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ಮಾರನೇ ದಿನ ಆ ಪದಗಳು ಕಿವಿಗೆ ಹೊಸತಾಗಿರುವುದಿಲ್ಲ. ಕ್ಲಾಸಿನಲ್ಲಿ ಎದ್ದು ಕೇಳಲು ನಾಚಿಕೆ ಆದರೆ ಮುಗಿದಮೇಲೆ ಸ್ಟಾಫ್ ರೂಮಿಗೆ ಹೋಗಿ, ಕನ್ನಡದಲ್ಲೇ ಕೇಳಿ. "ಸರ್, ಇದೊಂದು ಗೊತ್ತಾಗಲಿಲ್ಲ" ಅಂದ ವಿದ್ಯಾರ್ಥಿಯನ್ನು ಮೇಷ್ಟ್ರು ನೆನಪಿಟ್ಟುಕೊಳ್ಳುತ್ತಾರೆ.

ಧಾರವಾಡಕ್ಕೋ ಬೆಂಗಳೂರಿಗೋ ಹೋಗುವವರು ಅನ್ನ, ಸಾರು ಮಾಡುವುದು, ಬಟ್ಟೆ ಒಗೆಯುವುದು ಕಲಿತು ಹೋಗಿ, ಹುಡುಗರೂ. ತಿಂಗಳ ದುಡ್ಡಿನಲ್ಲಿ ಊರಿಗೆ ಬರುವ ಬಸ್ ಚಾರ್ಜ್ ಮೊದಲು ತೆಗೆದಿಡಿ. ಕುಚ್ಚಲಕ್ಕಿ, ಮೀನುಸಾರು ನೆನಪಾಗಿ ಕಣ್ಣಲ್ಲಿ ನೀರು ಬರುತ್ತದೆ, ಬರಲಿ. ಆದರೆ ಪ್ರತಿ ಶುಕ್ರವಾರ ಬಸ್ ಹತ್ತಿದರೆ ಅಲ್ಲಿ ಗೆಳೆಯರೇ ಆಗುವುದಿಲ್ಲ. ಮೊದಲ ತಿಂಗಳು ಶನಿವಾರ, ಭಾನುವಾರ ಅಲ್ಲೇ ಇದ್ದು ನೋಡಿ.

ಅಪ್ಪ, ಆಯಿ ಈ ವಿಡಿಯೋ ನೋಡುತ್ತಿದ್ದರೆ ಒಂದು ವಿನಂತಿ. ಫೋನ್ ಮಾಡಿದಾಗ ಮಾರ್ಕ್ಸ್ ಎಷ್ಟು ಅಂತ ಮೊದಲು ಕೇಳಬೇಡಿ. ಊಟ ಆಯ್ತಾ, ಯಾರ ಜೊತೆ ಮಾಡಿದೆ ಅಂತ ಕೇಳಿ. ಎರಡನೇ ಪ್ರಶ್ನೆಗೆ ಪ್ರತಿ ದಿನವೂ "ಒಬ್ಬನೇ" ಅಂತ ಉತ್ತರ ಬಂದರೆ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

[ಪರದೆ ಮೇಲೆ: 1800-180-5522 ಮತ್ತು 14416]

ಈ ಎರಡು ನಂಬರ್ ಮೊಬೈಲಿನಲ್ಲಿ ಈಗಲೇ ಸೇವ್ ಮಾಡಿ. ಮೊದಲನೆಯದು ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ. ಸೀನಿಯರ್‌ಗಳು ತಮಾಷೆ ಅಂತ ಹೇಳಿದರೂ ನಿಮಗೆ ಹಿಂಸೆ ಆಗುತ್ತಿದ್ದರೆ ಫೋನ್ ಮಾಡಿ. ಎರಡನೆಯದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾರ ಹತ್ತಿರವೂ ಹೇಳಲು ಆಗುತ್ತಿಲ್ಲ ಅನ್ನಿಸಿದರೆ ಅಲ್ಲಿಗೆ ಮಾಡಿ. ದಿನದ 24 ಗಂಟೆಯೂ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.