ಹಳೆಯದು ಹಾಗೇ ಇರಲಿ ಎನ್ನುವವರು ಯಾರ ಪರ?

[ದೃಶ್ಯ: ಬೆಂಗಳೂರಿನ ತಿಗಳರಪೇಟೆ. ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ನಿರೂಪಕ]

ನಮಸ್ಕಾರ. ಸಂಪ್ರದಾಯವಾದ ಎಂದರೆ ಆಳುವವರ ಕುರ್ಚಿ ಕಾಯುವ ಕೆಲಸ ಎಂದು ಬಹಳ ಜನ ಹೇಳುತ್ತಾರೆ. ನಿಜಾನಾ?

[ಹಳೆಯ ಫೋಟೋ: ಮೈಸೂರು ಅರಮನೆ]

1918. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ಜಾಸ್ತಿ. ನಮಗೂ ಪಾಲು ಕೊಡಿ ಎಂದು ಉಳಿದ ಸಮುದಾಯಗಳು ಕೇಳಿದವು. ಈ ಬೇಡಿಕೆ ಪರಿಶೀಲಿಸಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತ ಕೆಡುತ್ತದೆ ಎಂಬುದು ಅವರ ವಾದ. ಅದೇ ವರ್ಷ ಹುದ್ದೆ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ವಿಶ್ವೇಶ್ವರಯ್ಯ ಹಳೇ ಕಾಲಕ್ಕೆ ಅಂಟಿಕೊಂಡವರೇ ಅಲ್ಲ. ಮೈಸೂರು ಬ್ಯಾಂಕ್, ವಿಶ್ವವಿದ್ಯಾಲಯ ಎಲ್ಲವೂ ಅವರ ದಿವಾನಗಿರಿಯಲ್ಲೇ ಬಂದವು. ಆದರೂ ಈ ಒಂದು ವಾದದ ಲಾಭ ಹೋಗುತ್ತಿದ್ದದ್ದು ಆಗಲೇ ಕುರ್ಚಿಯಲ್ಲಿದ್ದವರಿಗೆ. ಅವರ ಉದ್ದೇಶ ಅದೇ ಆಗಿತ್ತು ಎಂದು ನಾನು ಹೇಳುತ್ತಿಲ್ಲ. ಇನ್ನೊಂದು ತಮಾಷೆ ನೋಡಿ: ಬಾಗಿಲು ತೆಗೆಯಲು ಹೊರಟವರು ಸಿಂಹಾಸನದ ಮೇಲಿದ್ದ ರಾಜರು!

[ಚಿತ್ರ: ಎಡ್ಮಂಡ್ ಬರ್ಕ್]

ಸಂಪ್ರದಾಯವಾದದ ಹಿರಿಯ ಎಂದು ಹೆಸರಾದ ಬ್ರಿಟಿಷ್ ಸಂಸದ ಬರ್ಕ್ ಕೂಡ ಒಂದೇ ಚೌಕಟ್ಟಿಗೆ ಸಿಗುವುದಿಲ್ಲ. 1790ರಲ್ಲಿ ಫ್ರಾನ್ಸ್‌ನ ಕ್ರಾಂತಿಯನ್ನು ಬೈದು ಬರೆದ. ದೊಡ್ಡ ಜಮೀನುದಾರರಿಗೆ ಹಬ್ಬ. ಆದರೆ ಅದೇ ಮನುಷ್ಯ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ದಬ್ಬಾಳಿಕೆಗಾಗಿ ಅದರ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಸಂಸತ್ತಿನ ಮುಂದೆ ವಿಚಾರಣೆಗೆ ಎಳೆದ. ಏಳು ವರ್ಷ ನಡೆದು, 1795ರಲ್ಲಿ ಹೇಸ್ಟಿಂಗ್ಸ್ ಬಿಡುಗಡೆಯಾದ.

ಹಾಗಾದರೆ ನನ್ನ ಲೆಕ್ಕ? ಜಮೀನು, ಹುದ್ದೆ, ಜಾತಿಯ ಮಾತು ಬಂದಾಗ "ಹಾಗೇ ಇರಲಿ" ಎಂಬ ಮಾತು ಹೆಚ್ಚಾಗಿ ಉಳ್ಳವರ ಪರವೇ. ಉಳುವವನಿಗೆ ಭೂಮಿ ಎಂದ 1974ರ ಭೂಸುಧಾರಣೆಗೆ ಅಡ್ಡ ನಿಂತವರಲ್ಲಿ ಗೇಣಿದಾರರಿರಲಿಲ್ಲ, ಅಲ್ವಾ? ಆದರೆ ಎಲ್ಲ ಹಳೆಯದೂ ಅವರದ್ದಲ್ಲ.

[ದೃಶ್ಯ: ಕರಗದ ರಾತ್ರಿ, ಮಲ್ಲಿಗೆ, ಕತ್ತಿ ಹಿಡಿದ ವೀರಕುಮಾರರು]

ಈ ದೇವಸ್ಥಾನದ ಕರಗ ಹೊರುವವರು ತಿಗಳರು. ಹೂವು, ತರಕಾರಿ ಬೆಳೆದು ಬದುಕಿದ ಜನ. ಚೈತ್ರ ಹುಣ್ಣಿಮೆ ರಾತ್ರಿ ಕರಗ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತದೆ. 2022ರಲ್ಲಿ ದರ್ಗಾಕ್ಕೆ ಹೋಗಬೇಡಿ ಎಂಬ ಒತ್ತಾಯ ಬಂತು. ದೇವಸ್ಥಾನದವರು ದೊಡ್ಡ ಸಿದ್ಧಾಂತ ಏನೂ ಹೇಳಲಿಲ್ಲ. ಹಿಂದಿನಿಂದ ನಡೆದು ಬಂದದ್ದು, ಬಿಡುವುದಿಲ್ಲ ಎಂದರು, ಅಷ್ಟೇ.

ಆ ವರ್ಷವೂ ಕರಗ ದರ್ಗಾಕ್ಕೆ ಹೋಯಿತು.